ಟೆಕ್ನಿಕಲ್ ರೈಟರ್ ಎಂದರೆ ಏನು ಕೆಲಸವೆಂದು ಮನೆಯವರಿಗೆ ಹೇಗೆ ಹೇಳುವುದು?

ಇಂಗ್ಲಿಷ್ ಚೆನ್ನಾಗಿರುವುದರಿಂದ ಈ ಕೆಲಸ ಸಿಕ್ಕಿತು, ಇದಕ್ಕೆ ಅಷ್ಟಿದ್ದರೆ ಸಾಕು, ಆದರೆ ಮನೆಯವರಿಗೆ ಒಂದೇ ವಾಕ್ಯದಲ್ಲಿ ವಿವರಿಸಲಾಗುತ್ತಿಲ್ಲ ಎಂದಿದ್ದೀರಿ. ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೋದರಮಾವ 'ಹಾಗಾದರೆ ಟೈಪಿಸ್ಟಾ?' ಎಂದು ಕೇಳಿದ್ದರು. ಮಿಕ್ಸಿಯ ಜೊತೆ ಬರುತ್ತದಲ್ಲ, ಅಂಥ ಪುಸ್ತಕ ಬರೆಯುತ್ತೇನೆ ಎಂದೆ. 'ಅದನ್ನು ಯಾರು ಓದುತ್ತಾರೆ?' ಎಂದರು. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಮರುವರ್ಷ, ನನ್ನದೇ ತಪ್ಪಿನಿಂದ.

ನಮ್ಮ ಲೆಕ್ಕಪತ್ರದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುವ ಕೈಪಿಡಿಯನ್ನು ನಾನು ಬರೆದಿದ್ದೆ. ನಾಲ್ಕನೆಯ ಹಂತದ ಕಮಾಂಡ್ (ಕಂಪ್ಯೂಟರಿಗೆ ಕೊಡುವ ಆಜ್ಞೆ) ಲೆಕ್ಕವೆಲ್ಲ ಇರುವ ಹಳೆಯ ಡೇಟಾಬೇಸನ್ನು ಅಳಿಸಿ ಹೊಸದನ್ನು ಕಟ್ಟುತ್ತಿತ್ತು. ಅದಕ್ಕೆ ಮೊದಲು ಅದರ ಬ್ಯಾಕಪ್, ಅಂದರೆ ನಕಲು, ತೆಗೆದಿರಬೇಕೆಂಬ ಸೂಚನೆ ಆ ಹಂತದ ಕೆಳಗಿತ್ತು. ಕೆಳಗೇಕೆ ಎಂದರೆ, ಎಂಜಿನಿಯರ್ ಮೊದಲು ಕಮಾಂಡ್ ಹೇಳಿ, ಆಮೇಲೆ ನೆನಪಾಗಿ ಬ್ಯಾಕಪ್ಪಿನ ಮಾತು ಸೇರಿಸಿದ್ದರು, ನಾನು ಅದೇ ಕ್ರಮದಲ್ಲಿ ಬರೆದುಕೊಂಡೆ. ನೆನಪಾಗುವ ಕ್ರಮ ಬೇರೆ, ಮಾಡಬೇಕಾದ ಕ್ರಮ ಬೇರೆ ಎಂಬುದು ನನಗೆ ಹೊಳೆಯಲಿಲ್ಲ. ಪರೀಕ್ಷೆಯ ಯಂತ್ರದಲ್ಲಿ ಒಮ್ಮೆ ನಾನೇ ಮಾಡಿ ನೋಡಿದ್ದರೆ ನಾನೇ ಎಡವುತ್ತಿದ್ದೆ, ಸರಿಪಡಿಸುತ್ತಿದ್ದೆ, ಮಾಡಿ ನೋಡಲಿಲ್ಲ. ಕೀಲಿಮಣೆಯ ಮುಂದೆ ಕುಳಿತವರು ಪುಟವನ್ನು ಕಥೆಯಂತೆ ಪೂರ್ತಿ ಓದುವುದಿಲ್ಲ; ಒಂದು ಸಾಲು ಓದುತ್ತಾರೆ, ಮಾಡುತ್ತಾರೆ, ಮತ್ತೆ ಪುಟಕ್ಕೆ ಮರಳುತ್ತಾರೆ. ಒಬ್ಬ ಗ್ರಾಹಕರು ಹಾಗೆ ಮರಳುವಷ್ಟರಲ್ಲಿ ಡೇಟಾಬೇಸ್ ಹೋಗಿತ್ತು. ಹಳೆಯ ಬ್ಯಾಕಪ್ ಒಂದು ಇದ್ದುದರಿಂದ ಮೂರು ದಿನಗಳ ಲೆಕ್ಕವಷ್ಟೇ ನಷ್ಟವಾಯಿತು. ನನಗೆ ಆ ವರ್ಷದ ಬಡ್ತಿ ತಪ್ಪಿತು.

ಆ ಪುಟದಲ್ಲಿ ಒಂದೇ ಒಂದು ವ್ಯಾಕರಣದೋಷ ಇರಲಿಲ್ಲ. ಆದ್ದರಿಂದ ಇಂಗ್ಲಿಷ್ ಚೆನ್ನಾಗಿದ್ದರೆ ಸಾಕು ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ವಿಮಾನಗಳ ನಿರ್ವಹಣೆಯ ಕೈಪಿಡಿಗಳಿಗೆಂದು ರೂಪುಗೊಂಡ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷಿನ ನಿಯಮಾವಳಿಯ ಪ್ರಕಾರ ಕೆಲಸದ ಹಂತವನ್ನು ಹೇಳುವ ವಾಕ್ಯ 20 ಪದಗಳನ್ನು ಮೀರಬಾರದು. ಅಲ್ಲಿ ಭಾಷಾವೈಭವಕ್ಕೆ ಜಾಗವೇ ಇಲ್ಲ. ನಮ್ಮ ದಿನದ ಬಹುಪಾಲು ಬರೆಯುವುದರಲ್ಲಿ ಅಲ್ಲ, ಎಂಜಿನಿಯರುಗಳನ್ನು ಕಾಡಿ ಕೇಳುವುದರಲ್ಲಿ ಮತ್ತು ಅವರು ಹೇಳಿದ್ದನ್ನು ಮಾಡಿ ನೋಡುವುದರಲ್ಲಿ ಕಳೆಯುತ್ತದೆ.

ಒಂದು ವಾಕ್ಯದ ವಿವರಣೆಯ ಆಸೆಯನ್ನೂ ಬಿಡಿ. ಅಮ್ಮನನ್ನು ಕೂರಿಸಿಕೊಂಡು ಹುಳಿಪುಡಿ ಮಾಡುವ ವಿಧಾನವನ್ನು ಹೇಳಿಸಿ, ಅವರು ಹೇಳಿದಂತೆಯೇ ಬರೆದುಕೊಂಡು, ಅದನ್ನು ನೋಡಿಕೊಂಡು ಅವರೆದುರೇ ಮಾಡಿ. 'ಹದವಾಗಿ ಹುರಿ' ಎಂದಲ್ಲಿ ಹದವೆಂದರೆ ಎಷ್ಟು ಎಂದು ಕೇಳಿ. ನಡುವೆ ಎಲ್ಲೋ ಅವರು 'ಅಯ್ಯೋ, ಮೆಣಸಿನಕಾಯಿಯನ್ನು ಬೇರೆಯಾಗಿ ಹುರಿಯಬೇಕಿತ್ತು' ಎನ್ನುತ್ತಾರೆ. ಆಗ ಆ ಸಾಲನ್ನು ಅವರ ಕಣ್ಣೆದುರೇ ಮೇಲಕ್ಕೆ ತೆಗೆದುಕೊಂಡು ಹೋಗಿ ಬರೆಯಿರಿ.