ಕಿಟಕಿ ಮಾತ್ರ ಬಾಕಿ ಅಂದರೆ ಪ್ಲಾನ್ ಇನ್ನೂ ಮುಗಿದಿಲ್ಲ

ರೂಮುಗಳೆಲ್ಲ ಫೈನಲ್, ಇನ್ನು ಕಿಟಕಿ ಎಲ್ಲಿಡಬೇಕು, ಎಷ್ಟು ದೊಡ್ಡದಿಡಬೇಕು ಅನ್ನೋದಷ್ಟೇ ಬಾಕಿ ಅಂತ ಕೇಳಿದ್ದೀರಿ. ನಾವೂ ಇದೇ ಹಂತದಲ್ಲಿ ಇದೇ ಮಾತು ಆಡಿದ್ದೆವು. ಅದಕ್ಕೇ ನೇರವಾಗಿ ಹೇಳುತ್ತೇನೆ, ಕಿಟಕಿ ಎಲ್ಲಿ ಬರುತ್ತೆ ಅಂತ ಗೊತ್ತಾಗದೆ ಯಾವ ರೂಮೂ ಫೈನಲ್ ಆಗೋದಿಲ್ಲ.

ನಮ್ಮ ಪ್ಲಾನಿನಲ್ಲಿ ಪ್ರತಿ ಹೊರಗೋಡೆಗೂ ಸರಿಯಾಗಿ ನಡುಮಧ್ಯಕ್ಕೆ ಒಂದೊಂದು ಕಿಟಕಿ ಇತ್ತು. ಎಲಿವೇಶನ್ ಚಿತ್ರದಲ್ಲಿ, ಅಂದರೆ ಮನೆ ಹೊರಗಿನಿಂದ ಹೇಗೆ ಕಾಣುತ್ತೆ ಅಂತ ತೋರಿಸುವ ಚಿತ್ರದಲ್ಲಿ, ತುಂಬ ಚೆನ್ನಾಗಿ ಕಾಣುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಇಷ್ಟವಾಯಿತು, ನಾನೂ ಒಪ್ಪಿಕೊಂಡೆ. ರೂಮಿನ ಒಳಗೆ ಏನೇನು ಬರುತ್ತೆ ಅಂತ ಪ್ಲಾನಿನ ಮೇಲೆ ಯಾರೂ ಬರೆದು ನೋಡಿರಲಿಲ್ಲ.

ದೊಡ್ಡ ಬೆಡ್‌ರೂಮಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಎಡವಟ್ಟಾಗಿದ್ದು ಅಲ್ಲೇ. ರೂಮು 12 ಅಡಿಗೆ 11 ಅಡಿ. ಉತ್ತರದ 12 ಅಡಿ ಗೋಡೆಯ ಮಧ್ಯೆ 4 ಅಡಿ ಕಿಟಕಿ, ಅಂದರೆ ಆ ಕಡೆ 4 ಅಡಿ, ಈ ಕಡೆ 4 ಅಡಿ ಗೋಡೆ. ಪಶ್ಚಿಮದ 11 ಅಡಿ ಗೋಡೆಯ ಮಧ್ಯೆಯೂ 4 ಅಡಿ ಕಿಟಕಿ, ಅಲ್ಲಿ ಎರಡೂ ಕಡೆ ಮೂರೂವರೆ ಅಡಿ. ದಕ್ಷಿಣದ ಗೋಡೆಯ ನಡುವೆ 3 ಅಡಿಯ ಬಾಗಿಲು, ಅಕ್ಕಪಕ್ಕ ನಾಲ್ಕೂವರೆ ಅಡಿ. ಪೂರ್ವದಲ್ಲಿ ಬಾತ್‌ರೂಮಿನ ಬಾಗಿಲು, ಅದೂ ನಡುವೆಯೇ. ಮಂಚದ ಅಗಲ 6 ಅಡಿ, ವಾರ್ಡ್‌ರೋಬ್ 6 ಅಡಿ. ಇಷ್ಟು ದೊಡ್ಡ ರೂಮಿನಲ್ಲಿ ಒಂದೇ ಸಮ 6 ಅಡಿ ಖಾಲಿ ಗೋಡೆ ನಾಲ್ಕು ಕಡೆ ಹುಡುಕಿದರೂ ಇರಲಿಲ್ಲ!

ಕೊನೆಗೆ ಮಂಚದ ತಲೆ ಉತ್ತರದ ಕಿಟಕಿಯ ಕೆಳಗೆ ಬಂತು. ವಾರ್ಡ್‌ರೋಬ್ ಪಶ್ಚಿಮದ ಗೋಡೆಗೆ ಹೋಗಿ ಎರಡೂವರೆ ಅಡಿ ಕಿಟಕಿಯನ್ನು ನುಂಗಿತು. ಅದರ ಹಿಂದೆ ಸಿಕ್ಕಿಕೊಂಡ ಗಾಜಿನ ಧೂಳು ತೆಗೆಯಬೇಕಾದರೆ ಕೋಲಿಗೆ ಬಟ್ಟೆ ಸುತ್ತಿ ಸಂದಿಯಲ್ಲಿ ತೂರಿಸಬೇಕಿತ್ತು. ಉಳಿದ ಒಂದೂವರೆ ಅಡಿಯಲ್ಲಿ ಸಂಜೆ ಬಿಸಿಲು ನೇರವಾಗಿ ಹಾಸಿಗೆ ಮೇಲೆ ಬೀಳುತ್ತಿತ್ತು. ಕಿಟಕಿಯ ಮೇಲೆ ಹೊರಗೆ ಚಾಚಿದ ಸಜ್ಜಾ ಇತ್ತಲ್ಲ ಅಂತ ಕೇಳಬಹುದು. ಸಜ್ಜಾ ನೆತ್ತಿಯ ಮೇಲಿನ ಬಿಸಿಲನ್ನು ತಡೆಯುತ್ತದೆ. ಸಂಜೆ ಸೂರ್ಯ ಕೆಳಗಿಳಿದಿರುತ್ತಾನೆ, ಬಿಸಿಲು ಸಜ್ಜಾದ ಅಡಿಯಿಂದಲೇ ಒಳಗೆ ನುಗ್ಗುತ್ತದೆ. ಪರದೆ ಹಾಕಿದರೆ ಬೆಳಕು ಕಡಿಮೆಯಾಗುತ್ತದೆ, ಆದರೆ ಅಷ್ಟರಲ್ಲಿ ಶಾಖ ಗಾಜು ದಾಟಿ ಬಂದಾಗಿರುತ್ತದೆ. ಪಶ್ಚಿಮಕ್ಕೆ ನೆರಳು ಬೇಕಾದರೆ ಗಾಜಿನ ಹೊರಗೇ ಇರಬೇಕು. ಮರ, ಜಾಲರಿ ಗೋಡೆ, ಕಿಟಕಿಯನ್ನು ಹೊರಗಿನಿಂದ ಮುಚ್ಚುವ ಬಾಗಿಲು, ಯಾವುದಾದರೂ ಸರಿ.

ತಡೆಯಲಾರದೆ ಆ ಕಿಟಕಿಯನ್ನೇ ಇಟ್ಟಿಗೆ ಕಟ್ಟಿಸಿ ಮುಚ್ಚಿಸಿದೆವು. ಹಳೆ ಗೋಡೆ ಮತ್ತು ಹೊಸ ಇಟ್ಟಿಗೆ ಸೇರುವ ಕಡೆ ಕಿಟಕಿಯ ಆಕಾರದಲ್ಲೇ ಸಣ್ಣ ಬಿರುಕು ಬಿಟ್ಟಿತು. ಬಣ್ಣ ಬಳಿದರೂ ಕಾಣುತ್ತದೆ. ಬಿಸಿಲು ನಿಂತಿತು, ಜೊತೆಗೆ ಗಾಳಿಯೂ ನಿಂತಿತು. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ಇನ್ನೊಂದು ದಾರಿ ಇಲ್ಲದಿದ್ದರೆ ಕಿಟಕಿ ಎಷ್ಟೇ ದೊಡ್ಡದಿದ್ದರೂ ರಾತ್ರಿ ಬಾಗಿಲು ಹಾಕಿದ ಮೇಲೆ ಗಾಳಿ ಆಡೋದಿಲ್ಲ. ಒಂದೇ ಗೋಡೆಯಲ್ಲಿ ಪಕ್ಕಪಕ್ಕ ಎರಡು ಕಿಟಕಿ ಇಟ್ಟರೂ ಅಷ್ಟೇ, ಜಾಸ್ತಿ ಪ್ರಯೋಜನ ಇಲ್ಲ. ಎದುರಿನ ಗೋಡೆಯಲ್ಲೋ, ಪಕ್ಕದ ಗೋಡೆಯಲ್ಲೋ ಇನ್ನೊಂದು ಬೇಕು.

ಅದೇ ರೂಮು, ಅದೇ ಅಳತೆಯಲ್ಲಿ ಸರಿಹೋಗುತ್ತಿತ್ತು ಅನ್ನೋದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ. ಉತ್ತರದ ಕಿಟಕಿಯನ್ನು ಪಶ್ಚಿಮದ ಮೂಲೆಗೆ ಸರಿಸಿ 1 ಅಡಿ ಬಿಟ್ಟಿದ್ದರೆ ಇನ್ನೊಂದು ಕಡೆ 7 ಅಡಿ ಗೋಡೆ ಸಿಗುತ್ತಿತ್ತು, ಮಂಚ ಆರಾಮಾಗಿ ಕೂರುತ್ತಿತ್ತು. ಮೂಲೆಯ ಹತ್ತಿರದ ಕಿಟಕಿಯಿಂದ ಬೆಳಕು ಪಕ್ಕದ ಗೋಡೆಯ ಮೇಲೆ ಹರಡಿ ರೂಮಿಗೆ ಬರುತ್ತದೆ, ಕಣ್ಣಿಗೂ ಚುಚ್ಚುವುದಿಲ್ಲ. ಪಶ್ಚಿಮದ ಗೋಡೆಯ ದಕ್ಷಿಣದ ತುದಿಯಿಂದ 6 ಅಡಿ ವಾರ್ಡ್‌ರೋಬ್ ಇಟ್ಟು, ಉಳಿದ 5 ಅಡಿಯಲ್ಲಿ 2 ಅಡಿಯ ಕಿರಿದಾದ ಕಿಟಕಿ ಇಟ್ಟಿದ್ದರೆ ಗಾಳಿಗೂ ದಾರಿಯಾಗುತ್ತಿತ್ತು, ಬಿಸಿಲಿನ ಗೋಡೆಗೆ ಬಟ್ಟೆ ತುಂಬಿದ ವಾರ್ಡ್‌ರೋಬ್ ಅಡ್ಡವೂ ಆಗುತ್ತಿತ್ತು. ರೂಮಿನ ಬಾಗಿಲನ್ನು ವಾರ್ಡ್‌ರೋಬಿನ 2 ಅಡಿ ಆಳ ಬಿಟ್ಟು ಪಶ್ಚಿಮದ ಮೂಲೆಯ ಕಡೆಗೆ ತಂದು, ಬಾತ್‌ರೂಮಿನ ಬಾಗಿಲನ್ನು ಪೂರ್ವದ ಗೋಡೆಯ ದಕ್ಷಿಣದ ತುದಿಗೆ ಸರಿಸಿದ್ದರೆ ಕೆಲಸ ಮುಗಿದಂತೆ. ಇದೆಲ್ಲ ಪೆನ್ಸಿಲಿನಲ್ಲಿ ಒಂದು ಸಂಜೆಯ ಕೆಲಸ. (ನಿಮ್ಮದು ಕಾಲಂ ಇಲ್ಲದ, ಗೋಡೆಗಳೇ ಭಾರ ಹೊರುವ ಮನೆಯಾದರೆ ಮೂಲೆಗೆ ಇಷ್ಟು ಹತ್ತಿರ ಕಿಟಕಿ ತರಬೇಡಿ, ಇಂಜಿನಿಯರ್ ಹತ್ತಿರ ಕೇಳಿ.)

ಹಾಗಾಗಿ ನೀವು ಕೇಳಿದ 'ಎಷ್ಟು ದೊಡ್ಡದು' ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಪ್ಲಾನಿನ ಮೇಲೆ ಮಂಚ, ವಾರ್ಡ್‌ರೋಬ್, ಸೋಫಾ, ಊಟದ ಟೇಬಲ್, ಫ್ರಿಜ್ ಎಲ್ಲವನ್ನೂ ಅಳತೆಗೆ ಸರಿಯಾಗಿ ಕತ್ತರಿಸಿದ ಕಾಗದದ ತುಂಡುಗಳಾಗಿ ಇಟ್ಟು ನೋಡಿ. ಬಾಗಿಲುಗಳು ಯಾವ ಕಡೆ ತೆರೆಯುತ್ತವೆ ಅಂತ ಕಮಾನು ಗೆರೆ ಎಳೆಯಿರಿ. ಆಮೇಲೆ ಉಳಿದ ಜಾಗದಲ್ಲಿ ಕಿಟಕಿ. ಹೊರಗಿನಿಂದ ಸಾಲಾಗಿ ಕಾಣಬೇಕು ಅನ್ನೋ ಆಸೆಯನ್ನು ನಾನಂತೂ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಮನೆಯನ್ನು ಹೊರಗಿನಿಂದ ನೋಡುವವರು ನೋಡಿ ಹೋಗುತ್ತಾರೆ, ಒಳಗೆ ಇರುವವರು ನೀವು.

ಬೆಳಕು ಸಾಲದು ಅನಿಸಿದರೆ ಅಗಲ ಹೆಚ್ಚಿಸುವ ಮುಂಚೆ ಎತ್ತರ ನೋಡಿ. ಬೆಳಕು ಎಷ್ಟು ಒಳಗೆ ತಲುಪುತ್ತೆ ಅನ್ನೋದು ಕಿಟಕಿಯ ಮೇಲಿನ ಅಂಚು ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ ನಿಂತಿದೆ, ಸ್ಥೂಲವಾಗಿ ಆ ಎತ್ತರದ ಎರಡು ಪಟ್ಟು. 7 ಅಡಿಗೆ ಲಿಂಟಲ್ (ಕಿಟಕಿಯ ಮೇಲೆ ಬರುವ ಕಾಂಕ್ರೀಟ್ ತೊಲೆ) ಇದ್ದರೆ 14 ಅಡಿಯ ಆಚೆ ಮಬ್ಬು. ಉದ್ದದ ಹಾಲ್ ಇದ್ದು ಒಂದೇ ತುದಿಯಲ್ಲಿ ಕಿಟಕಿ ಇದ್ದರೆ ಅದನ್ನು ಎಷ್ಟು ಅಗಲ ಮಾಡಿದರೂ ಇನ್ನೊಂದು ತುದಿಯಲ್ಲಿ ಹಗಲೇ ದೀಪ ಹಾಕಬೇಕಾಗುತ್ತದೆ. ಇನ್ನು ಸ್ಲೈಡಿಂಗ್ ಹಾಕಿಸುವುದಾದರೆ ನೆನಪಿಡಿ, ಎರಡು ಬಾಗಿಲಿನ 4 ಅಡಿ ಸ್ಲೈಡಿಂಗ್ ಕಿಟಕಿ ತೆರೆಯೋದು 2 ಅಡಿ ಮಾತ್ರ. ಬೆಡ್‌ರೂಮಿಗೆ ನನ್ನ ಓಟು ಪೂರ್ತಿ ತೆರೆಯುವ ಕಿಟಕಿಗೇ.

ಕಾಗದದ ಮೇಲೆ ಸರಿ ಅನಿಸಿದ್ದನ್ನು ಸೈಟಿನಲ್ಲಿ ಪೂರ್ತಿ ಅಳತೆಗೆ ಸುಣ್ಣದ ಗೆರೆ ಎಳೆದು ಒಳಗೆ ಓಡಾಡಿ ನೋಡಿ, ಸಂಜೆ ಹೊತ್ತಿಗೂ ಹೋಗಿ ಬಿಸಿಲು ಯಾವ ಕಡೆಯಿಂದ ಬರುತ್ತೆ ಅಂತ ಗಮನಿಸಿ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಟೇಪ್ ಹಿಡಿದು ಮತ್ತೊಮ್ಮೆ ಅಳೆಯಿರಿ, ಮೇಸ್ತ್ರಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಲಿಂಟಲ್ ಕಾಂಕ್ರೀಟ್ ಬಿದ್ದ ಮೇಲೆ ಕಿಟಕಿ ಸರಿಸೋದು ಅಂದರೆ ಕಟ್ಟಿದ ಗೋಡೆ ಒಡೆಯೋದು ಅಂತಲೇ ಅರ್ಥ. ನಿಮ್ಮ ಪ್ಲಾನನ್ನು ಇಲ್ಲಿ ಹಾಕಿ, ದಿಕ್ಕು ಗುರುತು ಮಾಡಿ, ರೂಮಿನ ಅಳತೆಗಳನ್ನೂ ಬರೆಯಿರಿ. ಯಾವ ಕಿಟಕಿ ಎಲ್ಲಿಗೆ ಸರಿಸಬಹುದು ಅಂತ ನೋಡಿ ಹೇಳುತ್ತೇನೆ.