ಸ್ಕೂಟರ್ ಅವಶ್ಯಕತೆಯೋ, ಐಷಾರಾಮವೋ?

ಹಾಸನ ಕಡೆಯವರಾದ ನೀವು, ಸ್ಕೂಟರ್ ತಗೊಂಡರೆ ಅದು ಅವಶ್ಯಕತೆಯೋ ಐಷಾರಾಮವೋ ಅಂತ ಕೇಳಿದ್ದೀರಿ. ಬೆಲೆ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಆದಾಯ ಏರಿದಾಗ ಆ ಖರ್ಚು ಎಷ್ಟು ಏರುತ್ತದೆ ಅನ್ನುವುದೇ ಅರ್ಥಶಾಸ್ತ್ರದ ಅಳತೆ.

ಸಂಬಳ ಶೇ. 10 ಜಾಸ್ತಿಯಾಯಿತು ಅಂತ ಯಾರೂ ಶೇ. 10 ಜಾಸ್ತಿ ಅಕ್ಕಿ, ಉಪ್ಪು ತರುವುದಿಲ್ಲ. ಹೊಟ್ಟೆಗೆ ಹಿಡಿಸುವುದು ಅಷ್ಟೇ ಅಲ್ವಾ? ಇವು ಅವಶ್ಯಕ ವಸ್ತುಗಳು. ಪ್ರವಾಸ, ಒಡವೆಯಂಥ ಖರ್ಚು ಶೇ. 10ಕ್ಕಿಂತ ಜಾಸ್ತಿ ಏರಿದರೆ ಅವು ಐಷಾರಾಮ. ಆದಾಯ ಕಡಿಮೆಯಾದಷ್ಟೂ ಊಟಕ್ಕೆ ಹೋಗುವ ಪಾಲು ದೊಡ್ಡದು ಅಂತ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು.

ಆದರೆ ಊರೂ ಲೆಕ್ಕಕ್ಕೆ ಬರುತ್ತದೆ. ಹಾಸನ ಪೇಟೆಯಲ್ಲಿ ಸಿಟಿ ಬಸ್, ಆಟೋ ಸಿಗುತ್ತವೆ. ಸಕಲೇಶಪುರದಾಚೆ, ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಬರುವ ಹಳ್ಳಿಯಲ್ಲಿ ಡೈರಿಗೆ ಹಾಲಿನ ಕ್ಯಾನ್ ಹೋಗುವುದೂ, ಜ್ವರ ಬಂದ ಮಗು ಆಸ್ಪತ್ರೆಗೆ ಹೋಗುವುದೂ ಸ್ಕೂಟರ್ ಮೇಲೆಯೇ. ಅಂಥ ಮನೆಯವರು ಕಂತಿನಲ್ಲಿ ಗಾಡಿ ತಗೊಂಡರೆ ಸುಮ್ನೆ ‘ಶೋಕಿ’ ಅನ್ನುವುದು ಅನ್ಯಾಯ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವವರ ಗಮ್‌ಬೂಟ್ ಕೂಡ ಹಾಗೆಯೇ, ಕೆಸರಿಗೆ, ಜಿಗಣೆಗೆ ಅದು ಬೇಕೇ ಬೇಕು.

ತೆರಿಗೆಯಲ್ಲೂ ಅವಶ್ಯಕತೆ, ಐಷಾರಾಮಗಳ ನಡುವಿನ ಈ ಗೆರೆ ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಬೈಕಿಗೆ ಶೇ. 40.

ಗಾಡಿ ನಿಮಗೆ ಅವಶ್ಯಕವೇ ಇರಬಹುದು. ಆದರೂ ಬರೀ ಬಣ್ಣ, ಡಿಸ್‌ಪ್ಲೇಗಾಗಿ ಮೇಲಿನ ಮಾಡೆಲ್‌ಗೆ ಕೊಡುವ ಹೆಚ್ಚಿನ ದುಡ್ಡನ್ನು ಐಷಾರಾಮದ ಖರ್ಚಿಗೇ ಬರೆದುಕೊಳ್ಳಿ.