ಅಮ್ಮನ ಕೊನೆಯ ನಾಲ್ಕು ತಿಂಗಳೇ ಕಣ್ಣಿಗೆ ಕಟ್ಟಿವೆ

ಪ್ರಶ್ನೆ: ಅಮ್ಮ ತೀರಿಕೊಂಡಾಗ ಅವರಿಗೆ 63. ಕ್ರೂಟ್ಜ್‌ಫೆಲ್ಟ್ ಜೇಕಬ್ ಕಾಯಿಲೆ. ಡಾಕ್ಟರು ಸಿಜೆಡಿ ಅನ್ನುತ್ತಿದ್ದರು. ಮರೆವು ಶುರುವಾಗಿ ನಾಲ್ಕೇ ತಿಂಗಳಿಗೆ ಹೋಗಿಬಿಟ್ಟರು. ವರ್ಷಾಬ್ದಿಕ ಹತ್ತಿರ ಬಂದಿದೆ. ಅಮ್ಮನನ್ನು ನೆನೆದರೆ ನನ್ನ ಗುರುತು ಸಿಗದ ಆ ಮುಖ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದ ಕೈಕಾಲು ಮಾತ್ರ ಕಾಣುತ್ತವೆ. ‘ಯಾರು ಕೇಳಿದರೂ ಸ್ಟ್ರೋಕ್ ಅನ್ನು’ ಎನ್ನುತ್ತಾನೆ ಅಣ್ಣ. ದೊಡ್ಡಮ್ಮ ಅಂಟುರೋಗವೆಂದು ಅಮ್ಮನ ಸೀರೆಗಳನ್ನೂ ಮುಟ್ಟುತ್ತಿಲ್ಲ. ಬೇಗ ತೋರಿಸಿದ್ದರೆ ಅಮ್ಮ ಉಳಿಯುತ್ತಿದ್ದರೇ?

ಉತ್ತರ: ಉಳಿಯುತ್ತಿರಲಿಲ್ಲ. ಮೊದಲು ಇದೊಂದನ್ನು ಗಟ್ಟಿಯಾಗಿ ನಂಬಿ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಇದು. ಮಿದುಳಿನ ಪ್ರಿಯಾನ್ ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಪಕ್ಕದ ಪ್ರೋಟೀನನ್ನೂ ಅದೇ ಆಕಾರಕ್ಕೆ ತಿರುಗಿಸುತ್ತಾ ಹೋಗುತ್ತದೆ. ಮೊದಲ ವಾರವೇ ಪತ್ತೆಯಾದರೂ ತಡೆಯುವ ಔಷಧ ಇಂದಿಗೂ ಇಲ್ಲ. ಅಮ್ಮ ಬೆಚ್ಚುತ್ತಿದ್ದುದಕ್ಕೆ ಮಯೋಕ್ಲೋನಸ್ ಎನ್ನುತ್ತಾರೆ; ಸ್ನಾಯುಗಳು ತಾವಾಗಿಯೇ ಜಗ್ಗುತ್ತವೆ. ನಿಮ್ಮನ್ನು ಕಂಡು ಹೆದರಿದರು ಎಂದುಕೊಂಡಿದ್ದರೆ ಅದನ್ನು ಮನಸ್ಸಿನಿಂದ ತೆಗೆದುಬಿಡಿ.

ಮುಟ್ಟುವುದರಿಂದ, ಎಂಜಲಿನಿಂದ, ಬಟ್ಟೆಯಿಂದ ಸಿಜೆಡಿ ಹರಡುವುದಿಲ್ಲ. ಹರಡಿದ್ದು ದಾಖಲಾಗಿರುವುದು ಮಿದುಳಿನ ಶಸ್ತ್ರಚಿಕಿತ್ಸೆಯ ಉಪಕರಣ, ಕಾರ್ನಿಯಾ ಕಸಿ, ಹಿಂದೆ ಶವಗಳ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದ ಹಾರ್ಮೋನಿನಂಥ ದಾರಿಗಳಿಂದ. ಸೀರೆಗಳನ್ನು ಎಂದಿನಂತೆ ಒಗೆದರೆ ಸಾಕು. ದೊಡ್ಡಮ್ಮನಿಗೆ ಈ ಮಾತನ್ನು ಅಮ್ಮನನ್ನು ನೋಡಿದ ನರರೋಗ ತಜ್ಞರ ಬಾಯಿಂದಲೇ ಹೇಳಿಸಿ.

ಅಣ್ಣನ ‘ಸ್ಟ್ರೋಕ್’ ಮಾತ್ರ ಬೇಡವೇ ಬೇಡ. ನಾಳೆ ಮನೆಯಲ್ಲಿ ಯಾರಿಗಾದರೂ ಮಿದುಳಿನ ಆಪರೇಷನ್ ಆಗಬೇಕಾದರೆ, ನೇತ್ರದಾನ ಮಾಡಬೇಕೆಂದರೆ ವೈದ್ಯರಿಗೆ ಈ ವಿಷಯ ಗೊತ್ತಿರಲೇಬೇಕು. ನೂರರಲ್ಲಿ 10ರಿಂದ 15 ಪ್ರಕರಣಗಳು ವಂಶವಾಹಿಯಿಂದ ಬರುತ್ತವೆ. ಪ್ರಿಯಾನ್ ಪ್ರೋಟೀನಿನ ವಂಶವಾಹಿಯನ್ನು ನೋಡುವ ಪಿಆರ್‌ಎನ್‌ಪಿ ಪರೀಕ್ಷೆ ಆಗಿತ್ತೇ ಎಂದು ಅಮ್ಮನ ರಿಪೋರ್ಟುಗಳಲ್ಲಿ ನೋಡಿ. ಆಗಿಲ್ಲದಿದ್ದರೆ ನೀವಾಗಿಯೇ ಲ್ಯಾಬಿಗೆ ರಕ್ತ ಕೊಡಬೇಡಿ, ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿ. ಚಿಕಿತ್ಸೆಯಿಲ್ಲದ ಕಾಯಿಲೆಯ ಫಲಿತಾಂಶ ಒಮ್ಮೆ ತಿಳಿದರೆ ಅದನ್ನು ಹೊತ್ತುಕೊಂಡೇ ಬದುಕಬೇಕು.

ಇನ್ನು ನೆನಪು. ಗಾಬರಿಯಲ್ಲಿ ನೋಡಿದ್ದು ಆಳಕ್ಕಿಳಿಯುತ್ತದೆ, ಅದಕ್ಕೇ ಹಳೆಯ ಅಮ್ಮ ಹಿಂದೆ ಸರಿದಿದ್ದಾರೆ. ಅವರನ್ನು ಕೈಕೆಲಸದಿಂದ ಕರೆದುಕೊಂಡು ಬನ್ನಿ. ವಾಟ್ಸ್ಯಾಪಿನಲ್ಲಿ ಅಮ್ಮನ ಧ್ವನಿಯಿದ್ದರೆ ಇವತ್ತೇ ತೆಗೆದಿಡಿ. ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಇತ್ತೀಚಿನವು ಬಂದು ಹಳೆಯವು ಬಿಟ್ಟುಹೋಗಬಹುದು. ಹಳೆಯ ವಾಯ್ಸ್ ಮೆಸೇಜುಗಳನ್ನು ಒಂದೊಂದಾಗಿ ಉಳಿಸಿ. ಪೆನ್‌ಡ್ರೈವಿನಲ್ಲೊಂದು, ಅಣ್ಣನ ಹತ್ತಿರ ಇನ್ನೊಂದು ಪ್ರತಿ ಇರಲಿ.

ರಾತ್ರಿ ಆ ದೃಶ್ಯಗಳು ನಿದ್ದೆ ಕೆಡಿಸುತ್ತಿದ್ದರೆ, ಊಟ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಯಾವ ಹೊತ್ತಿನಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ವರ್ಷಾಬ್ದಿಕಕ್ಕೆ ಒಂದು ವಾರ ಮುಂಚೆ ದೊಡ್ಡಮ್ಮನನ್ನು ಕರೆದು ಅಮ್ಮನ ಸಾರಿನ ಪುಡಿ ಮಾಡಿಸಿ. ಅವರು ಕೈಯಳತೆಯಲ್ಲೇ ಹಾಕಲಿ. ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಒಂದೊಂದನ್ನೂ ಬಾಣಲೆಗೆ ಬೀಳುವ ಮುಂಚೆ ತೂಕ ಮಾಡಿ ಬರೆದುಕೊಳ್ಳಿ. ಹುರಿದ ಮೇಲೆ ತೂಗಿದರೆ ಲೆಕ್ಕ ತಪ್ಪುತ್ತದೆ. ಮೆಂತ್ಯ ಕಪ್ಪಾಗಲು ಬಿಡಬೇಡಿ, ಪುಡಿಯೆಲ್ಲ ಕಹಿಯಾಗುತ್ತದೆ. ಹುರಿದದ್ದು ಆರುವ ಹೊತ್ತಿನಲ್ಲಿ ಸೀರೆಯ ಬೀರು ತೆರೆಯಿರಿ. ಯಾವ ಸೀರೆ ಯಾರ ಮದುವೆಗೆ ಕೊಂಡದ್ದೆಂದು ದೊಡ್ಡಮ್ಮನಿಗೆ ಗೊತ್ತಿರುತ್ತದೆ. ಅವರು ಹೇಳುತ್ತಾ ಹೋಗಲಿ, ನೀವು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.